ಹೊತ್ತಿಗೆ ಮುಂಚೆ ಹಚ್ಚಿದ ದೀಪ

“ಸೌದೆ ಒಟ್ಟೋಕೆ ಅಡ್ಡ ಬರದ ದೆವ್ವ, ಮನುಷ್ಯರು ಮಲಗೋಕೆ ಹೋದ್ರೆ ಅಡ್ಡ ಬರ್ತದಾ? ಯಾರ ಕಿವಿಗೆ ಹೂ ಇಡ್ತೀಯ ಗುರುವಯ್ಯ?”

“ರೈಟರ್ರೇ, ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಆ ಕಡೇ ಕೋಣೇಲಿ ಅವಳಿದಾಳೆ. ನನ್ನ ಜೀವ ಇರೋ ತನಕ ಅಲ್ಲಿಗೆ ಯಾರನ್ನೂ ಬಿಡಲ್ಲ.”

“ಅವಳಿರೋದು ಕೋಣೇಲಲ್ಲ, ನಿನ್ನ ಹೊಟ್ಟೇಲಿ. ಇನ್ನೊಂದು ಸಂಸಾರ ಬಂದ್ರೆ ರೇಷನ್ ಅಕ್ಕಿ ಕಮ್ಮಿ ಆಗ್ತದೆ ಅಂತ ಸಂಕಟ.”

“ಹಂಗೇ ಅನ್ಕಳಿ. ಬಯಲುಸೀಮೆಯವ್ರು ಕಂಬಳಿ ಜೊತೆ ಜ್ವರಾನೂ ಹೊದ್ಕೊಂಡು ಬರ್ತಾರೆ. ನಾವು ಹಳಬರು. ಈ ಲೈನಲ್ಲೇ ಹುಟ್ಟಿ ಈ ಲೈನಲ್ಲೇ ಸಾಯೋರು. ನೆನ್ನೆ ಮೊನ್ನೆ ಬಂದೋರಿಗೋಸ್ಕರ ನಮ್ಮನ್ನ ಕಳ್ಳರ ಥರ ಮಾತಾಡಿಸ್ತೀರಲ್ಲ, ಸಾಹುಕಾರ್ರು ಬರ್ಲಿ, ಹೇಳ್ತೀನಿ.”

ಆಗ ಯುದ್ಧದ ಕಾಲ. ಆಲ್ದೂರಿನಿಂದ ಆರು ಮೈಲಿ ಒಳಗಿದ್ದ ಕಡವೆಗುಡ್ಡದ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಸಾಹುಕಾರ ಸೋಮಶೇಖರಪ್ಪನವರು ಮಳೆಗಾಲ ಹಿಡಿದರೆ ಚಿಕ್ಕಮಗಳೂರಿನ ಮನೆ ಬಿಟ್ಟು ಬರುತ್ತಿರಲಿಲ್ಲ. ತೋಟದ ಜಗಳಗಳೆಲ್ಲ ನನ್ನ ಪಾಲಿಗೆ. ಜಗಳ ಬಿಡಿಸಲು ಹೋಗಿ ನಾನೇ ಜಗಳಕ್ಕೆ ಬೀಳುವುದು ನನ್ನ ಹಳೆಯ ರೋಗ. ಗುರುವಯ್ಯ ನಮ್ಮ ಮೇಸ್ತ್ರಿ, ಐವತ್ತೈದು ವರ್ಷದ ಗಟ್ಟಿ ಆಳು. ಕೆಲಸಕ್ಕೆ ಒಳ್ಳೆಯವನು, ಹಟ ಮಾತ್ರ ಕೋಣನದು.

ಆ ದಿನ ಬೆಳಿಗ್ಗೆ ಕಡೂರಿನ ಕಡೆಯಿಂದ ಶಿವಯ್ಯನೆಂಬವನು ಹೆಂಡತಿ ಯಲ್ಲಮ್ಮನನ್ನೂ ಮೂರು ತಿಂಗಳ ಕೂಸನ್ನೂ ಕರೆದುಕೊಂಡು ಕೆಲಸ ಕೇಳಿ ಬಂದಿದ್ದ. ಮೂರು ದಿನ ನೆನೆದು ನಡೆದು ಆ ಹೆಂಗಸು ಗಡಗಡ ನಡುಗುತ್ತಿದ್ದಳು. ಅವರನ್ನು ಗೋದಾಮಿನ ಹಿಂದಿನ ಗಾಡಿ ಕೊಟ್ಟಿಗೆಯಲ್ಲಿ ಕೂರಿಸಿದ್ದೆ. ಅಲ್ಲಿ ಮೂರು ಕಡೆಯಿಂದ ಎರಚಲು. ಆಳುಗಳ ಲೈನಿನಲ್ಲಿ ಹತ್ತು ಕೋಣೆ, ಒಂಬತ್ತರಲ್ಲಿ ಸಂಸಾರ, ಹತ್ತನೆಯದರಲ್ಲಿ ಎಲ್ಲರ ಸೌದೆ. ರಾತ್ರಿಯೊಳಗೆ ಅವರಿಗೊಂದು ಸೂರು, ಒಂದು ಒಲೆ ಸಿಗದಿದ್ದರೆ ತಾಯಿ ಉಳಿಯುವುದಿಲ್ಲ, ತಾಯಿ ಹೋದರೆ ಕೂಸೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗುರುವಯ್ಯನಿಗೂ ಗೊತ್ತಿತ್ತು. ಅದಕ್ಕೇ ನನಗೆ ಅಷ್ಟು ಸಿಟ್ಟು.

ಮಳೆ ಬಿಟ್ಟು ಬಿಡದೆ ಹೊಡೆಯುತ್ತಿತ್ತು. ತೋಟದ ಕೆಲಸ ನಿಂತು ಲೈನಿನವರೆಲ್ಲ ಗೋದಾಮಿನಲ್ಲಿ ಗೋಣಿಚೀಲ ಹೊಲಿಯುತ್ತ ಕುಳಿತಿದ್ದರು. ನಡುವೆ ಒಂದು ಕಬ್ಬಿಣದ ಬಾಣಲೆಯಲ್ಲಿ ಕೆಂಡ. ನಮ್ಮ ಕೂಗಾಟಕ್ಕೆ ಯಾರೂ ತಲೆ ಎತ್ತಲಿಲ್ಲ. ಕಲ್ಲಮ್ಮ ಮಾತ್ರ ಮಾತು ಮರೆಸಲೆಂದೋ ಏನೋ ಎದ್ದು, “ಕತ್ತಲಾಯ್ತು, ದೀಪ ಹಚ್ತೀನಿ” ಎಂದು ಬುಡ್ಡಿಗೆ ಕೈ ಹಾಕಿದಳು.

“ಗಂಟೆ ಎಷ್ಟು ರೈಟರ್ರೇ?” ಮೂಲೆಯಿಂದ ಸಿದ್ದಮ್ಮ ಕೇಳಿದಳು.

“ಮೂರೂವರೆ.”

“ಹಂಗಾದ್ರೆ ಬುಡ್ಡಿ ಮುಟ್ಟಬೇಡ ಕಲ್ಲಮ್ಮ. ಇನ್ನೂ ಹೊತ್ತೈತೆ.”

ಸಿದ್ದಮ್ಮ ಗುರುವಯ್ಯನ ಅಕ್ಕ. ಲೈನಿನ ಅರ್ಧ ಜನ ಹುಟ್ಟಿದ್ದು ಅವಳ ಕೈಯಲ್ಲೇ. ಹಾಗಾಗಿ ಯಾರನ್ನು ಬೇಕಾದರೂ ಬಯ್ಯುವ ಹಕ್ಕು ಅವಳಿಗಿತ್ತು, ಬಯ್ಯಿಸಿಕೊಂಡವರು ಅವಳ ಎಲೆಯಡಿಕೆಗೆ ಸುಣ್ಣ ತಂದುಕೊಡುತ್ತಿದ್ದರು. ಬಾಯಲ್ಲಿದ್ದ ಹೊಗೆಸೊಪ್ಪನ್ನು ಉಗುಳಿ ಬಂದು ಕೆಂಡದ ಪಕ್ಕ ಕುಳಿತಳು.

“ಕೂತ್ಕಳೋ ಗುರುವ. ನೀವೂ ಕೂತ್ಕಳಿ ರೈಟರ್ರೇ, ನಿಂತ್ಕೊಂಡು ಕೂಗಿದ್ರೆ ಮಳೆ ನಿಲ್ಲಲ್ಲ. ಆ ಕಡೇ ಕೋಣೆಯವಳ ಕತೆ ಹೇಳ್ತೀನಿ... ಇಷ್ಟು ವರ್ಷ ನನ್ನ ಹೊಟ್ಟೇಲಿ ಇಟ್ಕೊಂಡಿದ್ದೆ.

“ನೀವೆಲ್ಲ ಏನಂತೀರಿ? ಕೂದಲು ಬಿಚ್ಕೊಂಡಿರ್ತಾಳೆ, ಕತ್ತು ಮುರೀತಾಳೆ ಅಂತೀರಿ. ಯಾರಾದ್ರೂ ನೋಡಿದೀರಾ? ನಾನು ನೋಡಿದೀನಿ. ಜೀವ ಇದ್ದಾಗ ನೋಡಿದೀನಿ. ಅಷ್ಟು ದೂರ ನಡೆದು ಬಂದೋಳು, ಬೈತಲೆ ತೆಗೆದು ಅಚ್ಚುಕಟ್ಟಾಗಿ ತುರುಬು ಕಟ್ಟಿದ್ಲು ಕಣ್ರೋ.

“ಆಗ ಇದು ಬಿಳಿ ದೊರೆ ತೋಟ. ನಂಗೆ ಎಂಟು ವರ್ಷ. ನಾವೂ ಬಯಲಿಂದ ಹೊಟ್ಟೆಪಾಡಿಗೆ ಅಂತ ಹೊರಟು, ಗಾಡಿ ಹಿಂದೆ ನಡೆದು ನಡೆದು, ವಸ್ತಾರೆ ದಾಟಿದ ಮೇಲೆ ಮರದ ಮೇಲೆ ಮರ ನೋಡಿ ‘ಆಕಾಶ ಎಲ್ಲಿ ಹೋಯ್ತವ್ವ’ ಅಂತ ನಾನು ದಾರಿ ಉದ್ದಕ್ಕೂ ಅತ್ತು, ಹಂಗೇ ಬಂದೋರು. ಬಂದು ಎರಡು ಮಳೆಗಾಲ ಆಗಿತ್ತು, ಅಷ್ಟೇ... ಅಷ್ಟಕ್ಕೇ ನಾವು ಹಳಬರಾಗಿಬಿಟ್ಟಿದ್ವಿ ನೋಡು ಗುರುವ.

“ಒಂದು ಮಧ್ಯಾನ, ಇಂಥದೇ ಮಳೆ, ಆಗಿನ ಮೇಸ್ತ್ರಿ ಒಬ್ಬ ಹೆಂಗಸನ್ನ ತಂದು ಕಡೇ ಕೋಣೇಲಿ ಬಿಟ್ಟ. ಕಂಕುಳಲ್ಲಿ ಕೂಸು. ಗಂಡ ದಾರೀಲೇ ಜ್ವರ ಬಂದು ಹೋಗಿದ್ನಂತೆ, ಆಲ್ದೂರ ರಸ್ತೆ ಬದೀಲಿ ಮಣ್ಣು ಮಾಡಿ ಬಂದಿದ್ಲು. ಹೆಸರು... ಹೆಸರು ಯಾರೂ ಕೇಳ್ಲಿಲ್ಲ ಮಾರಾಯ. ಕೂಸನ್ನ ಮಲಗ್ಸಿ, ಒಡೆದ ಮಡಕೆ ಚೂರು ಹಿಡ್ಕೊಂಡು, ಒಂದು ಕೆಂಡ ಕೇಳೋಕೆ ಹೊರಟ್ಲು. ಹೊಸಬರು ಹಳಬರ ಒಲೆಯಿಂದ ಬೆಂಕಿ ತಗೊಂಡು ಹೋಗಿ ಒಲೆ ಹಚ್ಚೋದು ನಮ್ಮಲ್ಲಿ ಇದ್ದದ್ದೇ ಅಲ್ವಾ? ಬೆಂಕಿ ಕೊಟ್ರೆ ಅವರು ನಮ್ಮೋರಾದ್ರು ಅಂತ. ಇಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಆದ್ರೆ ದೀಪ ಹಚ್ಚಿದ ಮೇಲೆ ಬೆಂಕಿ ಮನೆಯಿಂದ ಹೊರಗೆ ಕೊಡಂಗಿಲ್ಲ, ಲಕ್ಷ್ಮಿ ಹೋಗ್ತಾಳೆ... ಅದೂ ಇದ್ದದ್ದೇ.

“ಅವ್ವ ಬಾಗ್ಲಲ್ಲಿ ನಿಂತು ಅವಳು ಬರೋದ ನೋಡಿದ್ಲು. ಗಂಡನ್ನ ತಿಂದ ಜ್ವರ ಇವಳ ಮೈಲೂ ಇರ್ತದೆ ಅಂತ ಅವ್ವಂಗೆ ಭಯ, ನನ್ನ ತಂಗಿ ಇನ್ನೂ ಮೊಲೆ ಕುಡಿಯೋ ಕೂಸು. ಒಳಗೆ ತಿರುಗಿ, ‘ಸಿದ್ದಿ, ದೀಪ ಹಚ್ಚು’ ಅಂದ್ಲು. ‘ಇನ್ನೂ ಮಧ್ಯಾನ ಕಣವ್ವ’ ಅಂದೆ. ‘ಹಚ್ಚು ಅಂದ್ರೆ ಹಚ್ಚೇ.’ ಹಚ್ಚಿದೆ. ಈ ಕೈಲೇ ಹಚ್ಚಿದೆ. ಅವಳು ಬಾಗ್ಲಿಗೆ ಬಂದು, ‘ಅಕ್ಕಾ, ಒಂದು ಕೆಂಡ ಕೊಡಿ’ ಅಂದ್ಲು. ‘ದೀಪ ಹಚ್ಚಾಯ್ತಲ್ಲ ಕಣಮ್ಮ’ ಅಂದ್ಲು ಅವ್ವ. ಅವಳು ದೀಪ ನೋಡಿದ್ಲು, ತಿರುಗಿ ಅಂಗಳದ ಬೆಳಕು ನೋಡಿದ್ಲು, ಆಮೇಲೆ ನನ್ನ ಕೈಲಿದ್ದ ಬತ್ತಿ ನೋಡಿದ್ಲು... ಪಕ್ಕದ ಮನೆಗೆ ಹೋಗೋದ್ರೊಳಗೆ ಅಲ್ಲೂ ದೀಪ ಬಂತು. ಅದರಾಚೆ ಮನೇಲೂ ಬಂತು. ನಮ್ಮನ್ನ ನೋಡಿ ಕಲಿತ್ರು. ಹಾಡುಹಗಲಲ್ಲಿ ಒಂಬತ್ತು ದೀಪ ಕಣ್ರೋ, ದೀಪಾವಳಿ ಥರ. ಅವಳು ಚೂರು ಹಿಡ್ಕೊಂಡು ಒಂಬತ್ತೂ ಬಾಗ್ಲು ಮುಗಿಸಿ ಕತ್ತಲ ಕೋಣೆಗೆ ವಾಪಸ್ ಹೋದ್ಲು.

“ರಾತ್ರಿ ಎಲ್ಲ ಊದೋ ಸದ್ದು ಕೇಳ್ತಿತ್ತು. ಫೂ... ಫೂ... ಯಾರೋ ಹಿಂದೆ ಇದ್ದೋರು ಬಿಟ್ಟುಹೋದ ಬೂದಿ ಒಲೇಲಿತ್ತು, ಅದರಲ್ಲಿ ಒಂದು ಕಿಡಿ ಇರಬಹುದೇನೋ ಅಂತ ಊದ್ತಾ ಇದ್ಲು. ನಂಗೆ ನಿದ್ದೆ ಬರ್ಲಿಲ್ಲ. ಅವ್ವಂಗೂ ಬರ್ಲಿಲ್ಲ. ಎದ್ದು ಹೋಗ್ಲಿಲ್ಲ ಮಾತ್ರ... ಬೆಳಗಿನ ಜಾವ ಸದ್ದು ನಿಂತಿತು. ಅವ್ವ ಓಡಿ ಹೋಗಿ ನೋಡಿದ್ರೆ, ಊದುಗೊಳವೆ ತೊಡೆ ಮೇಲೆ ಇಟ್ಕೊಂಡು ಹಂಗೇ ಒಲೆ ಮುಂದೆ ಕೂತಿದ್ಲು. ಇದ್ದ ಒಂದು ಒಣ ಸೀರೇನೂ ಕಂಬಳೀನೂ ಕೂಸಿಗೆ ಸುತ್ತಿದ್ಲು.”

“ಕೂಸು ಉಳೀತಾ ಅಜ್ಜಿ?” ಅಂಜನಮ್ಮ ಕೇಳಿದಳು. ಅವಳ ಮಡಿಲಲ್ಲೂ ಒಂದು ಕೂಸಿತ್ತು.

“ಉಳೀದೆ ಏನು? ಅವ್ವನ ಒಂದು ಮೊಲೆ ನನ್ನ ತಂಗಿಗೆ, ಒಂದು ಮೊಲೆ ಆ ಕೂಸಿಗೆ. ತಂಗಿ ಹೋದ್ಲು, ಅದು ಉಳೀತು.” ಸಿದ್ದಮ್ಮ ಕೆಂಡ ಕೆದಕಿದಳು. “ಈಗ ಮೇಸ್ತ್ರಿ ಆಗಿದೆ. ನಾವು ಹಳಬರು ಅಂತ ರೈಟರ್ ಜೊತೆ ಜಗಳ ಆಡ್ತಿದೆ.”

ಗುರುವಯ್ಯನ ಕೈಯಲ್ಲಿದ್ದ ದಬ್ಬಣ ಹಾಗೇ ನಿಂತಿತು. “ಅಕ್ಕಾ” ಎಂದ.

“ಅಕ್ಕನೇ ಕಣೋ. ಈಗಲೂ ಅಕ್ಕನೇ. ಬೆನ್ನ ಮೇಲೆ ಹೊತ್ತು ತೋಟ ಎಲ್ಲ ತಿರುಗಿದೀನಿ, ಕತ್ತಿಗೆ ಜೋತುಬಿದ್ದು ಇಳಿ ಅಂದ್ರೆ ಇಳೀತಿರ್ಲಿಲ್ಲ ನೀನು. ಅವ್ವ ಸಾಯೋ ತನಕ ಪೂರ್ತಿ ಕತ್ತಲಾಗದೆ ದೀಪ ಹಚ್ಚಲಿಲ್ಲ, ಯಾಕೆ ಅಂತ ಯಾವತ್ತಾದ್ರೂ ಕೇಳಿದ್ಯಾ? ನಿನ್ನ ಹೆತ್ತೋಳು ಯಾರನ್ನೂ ಹೆದರಿಸಲಿಲ್ಲಪ್ಪ. ಮಳೆ ಹಿಡಿದಾಗ ಆ ಕೋಣೇಲಿ ಊದೋ ಸದ್ದು ಕೇಳ್ತದೆ, ನೀವೆಲ್ಲ ಗಾಳಿ ಅಂತೀರಿ. ಗಾಳಿಗೆ ನಡುವೆ ಉಸಿರು ತಗೊಳೋಕೆ ನಿಲ್ಲಬೇಕಾ?... ಅವಳಿಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ. ಮಳೇಲಿ ಬಾಗ್ಲಿಗೆ ಬಂದು ಬೆಂಕಿ ಕೇಳೋ ಹೆಂಗಸಿನ ಮುಖ ನೀವು ಯಾವತ್ತಾದ್ರೂ ಸರಿಯಾಗಿ ನೋಡಿದೀರಾ?”

ಎಲ್ಲರ ಕೈಯಲ್ಲಿದ್ದ ಚೀಲಗಳು ಕೈಯಲ್ಲೇ ಇದ್ದವು. ಆಗಲೇ ಮುಂಬಾಗಿಲಲ್ಲಿ ಮಾತು ಕೇಳಿಸಿತು.

“ಅಕ್ಕಾ, ಒಂದು ಕೆಂಡ ಕೊಡಿ.”

ಕಂಬಳಿ ಕೊಪ್ಪೆ ಹಾಕಿದ ಹೆಂಗಸು ಹೊಸ್ತಿಲಾಚೆ ನಿಂತಿದ್ದಳು. ಕೈಯಲ್ಲಿ ಮಡಕೆ ಚೂರು. ಶಿವಯ್ಯನ ಹೆಂಡತಿ ಪಾಪ ತಾನೇ ಎದ್ದು ಬಂದಳೆಂದು ನಾನು ತಿಳಿದೆ. ಎಲ್ಲರೂ ಹಾಗೇ ತಿಳಿದರು. ಗುರುವಯ್ಯ ಧಡಕ್ಕನೆ ಎದ್ದು ಹೋಗಿ ಆ ಚೂರು ಇಸಿದುಕೊಂಡು ಬಂದ. ಇಕ್ಕಳ ಹುಡುಕದೆ ಎರಡು ಕಡ್ಡಿಯಲ್ಲೇ ಕೆಂಡ ಎತ್ತಿ ಎತ್ತಿ ತುಂಬಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸಿದ್ದಮ್ಮ ಚೂರನ್ನು ಅವನ ಕೈಯಿಂದ ತೆಗೆದುಕೊಂಡಳು. “ನೀನು ಕೂತ್ಕೋ. ದೀಪ ಹಚ್ಚಿದೋಳು ನಾನು, ನಾನೇ ಕೊಟ್ಟು ಬರ್ತೀನಿ.”

“ಮೇಲೆ ಏನಾದ್ರೂ ಮುಚ್ಚು ಅಜ್ಜಿ, ಮಳೆಗೆ ಆರ್ತದೆ” ಎಂದೆ.

“ಇವತ್ತು ಆರಲ್ಲ ಬಿಡಿ ರೈಟರ್ರೇ.”

ಹೊಸ್ತಿಲು ದಾಟಿ ಆ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು, “ನಿನ್ನ ಹೆಸರೇನವ್ವ?” ಎಂದು ಕೇಳಿದಳು. ಅವಳೇನೋ ಹೇಳಿದಳು, ಮಳೆಯ ಸದ್ದಿಗೆ ನಮಗೆ ಕೇಳಿಸಲಿಲ್ಲ. ಸಿದ್ದಮ್ಮ ತಲೆಯಾಡಿಸಿದಳು. ಇಬ್ಬರೂ ಲೈನಿನ ಕಡೆ ನಡೆದರು. ಸುರಿಯುವ ಮಳೆಯಲ್ಲಿ ಆ ಕೆಂಪು ಬಹಳ ದೂರದವರೆಗೆ ಕಾಣಿಸಿತು.

ಒಂದು ಚೀಲ ಹೊಲಿಯುವಷ್ಟು ಹೊತ್ತು ಕಳೆದಿರಬಹುದು. ಹಿಂಬಾಗಿಲು ತಳ್ಳಿಕೊಂಡು ಶಿವಯ್ಯ ಬಂದ.

“ಸ್ವಾಮಿ, ಕೋಣೆ ಇಲ್ಲದಿದ್ರೆ ಬಿಡ್ರಿ, ಒಂದಿಷ್ಟು ಕೆಂಡ ಆದ್ರೂ ಕೊಡ್ರಿ. ಬೆಳಿಗ್ಗೆಯಿಂದ ಅವಳು ಮಲಗಿದಲ್ಲಿಂದ ಎದ್ದೇ ಇಲ್ಲ.”

ಗುರುವಯ್ಯನೇ ಮೊದಲು ಓಡಿದ್ದು, ಅವನ ಹಿಂದೆ ನಾನು. ಹತ್ತನೇ ಕೋಣೆಯ ಬಾಗಿಲು ತೆರೆದಿತ್ತು. ಸೌದೆಯೆಲ್ಲ ಒಂದು ಮಗ್ಗುಲಿಗೆ ಸರಿದಿತ್ತು, ನೆಲ ಗುಡಿಸಿತ್ತು, ಒಲೆ ಧಗಧಗ ಉರಿಯುತ್ತಿತ್ತು. ಪಕ್ಕದಲ್ಲಿ ಬರಿದಾದ ಚೂರು. ನೆಲದಲ್ಲಿ ಒದ್ದೆ ಹೆಜ್ಜೆ ಒಂದೂ ಇರಲಿಲ್ಲ. ಗುರುವಯ್ಯ ಹೊರಗೆ ನಿಂತು “ಅಕ್ಕಾ” ಎಂದು ಕೂಗಿದ. ಕಾಫಿ ಗಿಡಗಳ ಸಾಲು ಸಾಲಿನಲ್ಲೂ ಕೂಗಿದ, ಹಳ್ಳದ ತನಕ ಹೋಗಿ ಕೂಗಿದ.

ಯಲ್ಲಮ್ಮನನ್ನೂ ಕೂಸನ್ನೂ ಎತ್ತಿ ತಂದು ಆ ಒಲೆಯ ಮುಂದೆ ಮಲಗಿಸಿದೆವು. ಬಿಸಿ ಗಂಜಿ ಒಳಗೆ ಹೋದ ಮೇಲೆ ನಡುಕ ನಿಂತು ನಿದ್ದೆ ಹತ್ತಿತು.

ಅಷ್ಟರಲ್ಲಿ ನಿಜವಾಗಿಯೂ ಹೊತ್ತು ಮುಳುಗಿತು. ಕಲ್ಲಮ್ಮ ಬುಡ್ಡಿ ತೆಗೆದುಕೊಂಡಳು. ತೊಪ್ಪನೆ ತೊಯ್ದು ಬಂದ ಗುರುವಯ್ಯ ಅವಳ ಕೈ ಹಿಡಿದ.

“ಬೇಡ ಕಲ್ಲಮ್ಮ. ಅಕ್ಕ ಬಂದು ಬೆಂಕಿ ಕೇಳಿದ್ರೆ ಏನಂತ ಹೇಳೋದು?”

ಆ ರಾತ್ರಿ ಒಂಬತ್ತು ಬಾಗಿಲಲ್ಲೂ ಯಾರೂ ದೀಪ ಹಚ್ಚಲಿಲ್ಲ. ಬಾಗಿಲೂ ಹಾಕಲಿಲ್ಲ. ಸಿದ್ದಮ್ಮ ಬರಲಿಲ್ಲ.