ಭಾವನ ಸ್ಪ್ಯಾನಿಷ್ ಕ್ಲಾಸು

ಹಲೋ... ಯಾರು ಮಾತಾಡೋದು?... ಓಹೋ, ಭಾವನವರಾ? ನಿಮ್ಮ ನಂಬರ್ ಅಳಿಸಿ ಹಾಕಿದ್ದೆ, ಅದಕ್ಕೇ ಕೇಳಿದೆ. ಅಕ್ಕ ಹೇಗಿದ್ದಾಳೆ?...

ಹಾಂ? ಕ್ಲಾಸಲ್ಲಿದ್ದೀರಾ? ಯಾವ ಕ್ಲಾಸು, ನನ್ನದಾ? ನಾದಿನಿಗೆ ಬಾಯಿ ಜೋರು, ಹುಡುಗರು ಹೆದರ್ತಾರೆ ಅಂತ ಪ್ರಿನ್ಸಿಪಾಲರಿಗೆ ಚಾಡಿ ಹೇಳಿ ಕಿತ್ಕೊಂಡ್ರಲ್ಲ, ಅದೇ ತಾನೇ?...

ಪ್ರಿನ್ಸಿಪಾಲರೇ ಬಂದು ಹಿಂದಿನ ಬೆಂಚಲ್ಲಿ ಕೂತಿದ್ದಾರಾ? ಇವತ್ತಿನ ಪಾಠ ನೋಡಿ ನಿಮ್ಮನ್ನ ಖಾಯಂ ಮಾಡ್ತಾರಾ? ಮಾಡ್ಲಿ ಬಿಡಿ. ಕಾರಿಡಾರಲ್ಲಿ ನಿಂತು ನನಗ್ಯಾಕೆ ಫೋನು?...

ಬೋರ್ಡ್ ಮೇಲೆ ಏನು ಬರೆದ್ರಿ? ಇನ್ನೊಂದ್ಸಲ ಹೇಳಿ... 'ಆಬ್ಲೀಯಾ'? ಅಯ್ಯೋ ಕರ್ಮವೇ. 'ಆಬ್ಲಾರ್' ಅಂದ್ರೆ ಮಾತಾಡೋದು. 'ಹಾಗಿದ್ದಿದ್ರೆ ಮಾತಾಡ್ತಿದ್ದೆ' ಅಂತೀವಲ್ಲ, ಅದಕ್ಕೆ ಪದಾನ ಕತ್ತರಿಸಬಾರದು ಭಾವ. ಇಡಿಯಾಗಿಟ್ಟು ಕೊನೆಗೊಂದು 'ಈಯಾ' ಅಂಟಿಸಿ. ಆಬ್ಲಾರೀಯಾ, ಮಾತಾಡ್ತಿದ್ದೆ. ಕೊಮೆರೀಯಾ, ತಿಂತಿದ್ದೆ. ಬಿಬಿರೀಯಾ, ಬದುಕ್ತಿದ್ದೆ. ಎಲ್ಲಕ್ಕೂ ಅದೇ ಬಾಲ. ಇದಕ್ಕಿಂತ ಸುಲಭದ್ದು ಆ ಭಾಷೇಲೇ ಇಲ್ಲ, ಅದೂ ನಿಮ್ಮ ತಲೆಗೆ ಹತ್ತಲಿಲ್ಲ. ಮೂರು ವಾರ ನನ್ನ ಅಡುಗೆಮನೇಲಿ ಕೂತು ಕಲ್ತಿದ್ದು ಕಾಫಿ ಕುಡಿಯೋದು ಮಾತ್ರ...

ಏನು? ನಿಧಾನಕ್ಕೆ, ಜೋರಾಗಿ ಹೇಳಬೇಕಾ? ಬೈಗುಳ ಬಿಟ್ಟು ಬರೀ ಪಾಠ ಸಾಕಾ?... ಸರಿ, ಕೇಳಿಸ್ಕೊಳ್ಳಿ. ಆಬ್ಲಾರೀಯಾಮೋಸ್. ನಾವು ಮಾತಾಡ್ತಿದ್ವಿ...

ಅದೇನದು, ಅಷ್ಟು ಜನ ಒಟ್ಟಿಗೆ ಅಂದ ಹಾಗಾಯ್ತು?... ಈಗ ಸೀನಿದ್ದು ಯಾರು? ಆ ಸೀನು ನಂಗೊತ್ತು, ಕಿಟಕಿ ಪಕ್ಕದ ನೆಗಡಿರಾಯಂದು. ಕ್ಲಾಸೊಳಗೆ ಹೋಗಿ ನನ್ನನ್ನ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೀರಿ, ಅಲ್ವಾ?...

ಇರಲಿ, ಪಾಠ ನಿಲ್ಲಿಸಲ್ಲ. ಎಲ್ರೂ ನನ್ನ ಹಿಂದೆ ಹೇಳಿ. ಯೋ ನೋ ಅಪ್ರೆಂದೆರೀಯಾ ದೆ ಎಲ್...

ಭೇಷ್. ಮೇಷ್ಟ್ರ ದನಿ ಮಾತ್ರ ಕೇಳಿಸಲಿಲ್ಲ. ಭಾವ, ನೀವೂ ಹೇಳಿ, ಪ್ರಿನ್ಸಿಪಾಲರಿಗೆ ಕೇಳೋ ಹಾಗೆ...

ಎಷ್ಟು ಚೆನ್ನಾಗಂದ್ರಿ. ಈಗ ಅರ್ಥ ಹೇಳಿಬಿಡಿ ಹುಡುಗರಿಗೆ... ಗೊತ್ತಿಲ್ವಾ?... ನಾನೇ ಹೇಳ್ತೀನಿ ಬಿಡಿ. 'ನಾನಾಗಿದ್ರೆ ಇವರ ಹತ್ರ ಕಲೀತಿರಲಿಲ್ಲ.'...

ನಗಬೇಡ್ರೋ, ಹಿರಿಯರು ಕೂತಿದ್ದಾರೆ... ಯಾರು? ಸರ್, ನೀವಾ ನಗ್ತಿರೋದು?...

ಏನಂದ್ರಿ ಸರ್? ಗಲಾಟೇಲಿ ಕೇಳಿಸಲಿಲ್ಲ... ನಾಳೆಯಿಂದಾನಾ? ನಾನಾ?... ಭಾವ, ಫೋನ್ ಮುಟ್ಟಬೇಡಿ, ಅವರು ನನ್ನ ಹತ್ರ ಮಾತಾಡ್ತಿದ್ದಾರೆ. ಸರ್, ನಾನು ಬರ್...

ಹಲೋ?... ಹಲೋ?...