ದೀಪ ಹಚ್ಚುವ ದಿನ

ಎದ್ದು ಬೇರೆ ಕುರ್ಚಿಗೆ ಹೋಗಲೇ, ಕೇಳಿಸದವನಂತೆ ಕೂತಿರಲೇ ಎಂದು ತೋಚಲಿಲ್ಲ. ೧೯೯೩ರ ಚಳಿಗಾಲ, ಅಮೆರಿಕದ ಗೈದರ್ಸ್‌ಬರ್ಗ್‌ನ ಹಲ್ಲಿನ ಡಾಕ್ಟರ ವೇಟಿಂಗ್ ರೂಮು. ಎದುರಿಗೆ ಲಿಥುವೇನಿಯಾದ ಯಹೂದಿಗಳು, ಬಾಸ್ಯಾ ಮತ್ತು ಅವರ ತಮ್ಮ ಹಿರ್ಷ್. ಅಕ್ಕ ಎರಡನೇ ಮಹಾಯುದ್ಧಕ್ಕೆ ಮೊದಲೇ ಮದುವೆಯಾಗಿ ಅಮೆರಿಕಕ್ಕೆ ಬಂದವರು. ಹಿರ್ಷ್ ಊರಲ್ಲೇ ಇದ್ದು, ನಾಜಿಗಳ ಕೈಯಿಂದ ಹೇಗೋ ಉಳಿದು ಬಂದವರು. ಅವರ ಇಂಗ್ಲಿಷ್ ನನ್ನ ಕಿವಿಯಲ್ಲಿ ಕನ್ನಡವಾಗುತ್ತಿತ್ತು.

"ಈ ಪ್ಲಾಸ್ಟಿಕ್ ಬ್ರಷ್ ನೋಡಿದ್ರೆ ಅಪ್ಪ ನಗ್ತಿದ್ರು ಕಣೋ."

"ನಮ್ಮ ಫ್ಯಾಕ್ಟರೀದು ಅಸಲಿ ಹಂದಿಕೂದಲು, ಅಕ್ಕ. ಲಂಡನ್‌ಗೂ ಹೋಗ್ತಿತ್ತು."

"ನಮ್ಮ ಧರ್ಮದಲ್ಲಿ ಹಂದಿ ತಿನ್ನಬಾರದು, ಹಲ್ಲುಜ್ಜಬಹುದು ಅಂತ ಅಪ್ಪ ನಮ್ಮ ಗುರು ರಬ್ಬಿಗೇ ಹೇಳಿದ್ರಲ್ಲ!"

"ರಬ್ಬಿ ಪುಕ್ಕಟೆ ಬ್ರಷ್ ತಗೊಂಡು ಸುಮ್ಮನಾದ್ರು."

ಇಬ್ಬರೂ ನಕ್ಕರು.

"ಹಿರ್ಷ್, ಅಪ್ಪನ್ನ ಕಾಡಿಗೆ ಕರ್ಕೊಂಡು ಹೋಗಿ ಗುಂಡು ಹೊಡೆದದ್ದು ಯಾವತ್ತು?"

"ಶನಿವಾರ ಸಬ್ಬತ್ ರಜೆ ಅಂತ ಮೆಷಿನ್ ನಿಲ್ಲಿಸ್ತಿದ್ವಿ, ನೆನಪಿದ್ಯಾ? ಊರಿಗೂರೇ ಸುಮ್ಮನಾಗ್ತಿತ್ತು."

"ಅದಲ್ಲ. ಸತ್ತ ದಿನ ಗೊತ್ತಿಲ್ದೆ ದೀಪ ಯಾವತ್ತು ಹಚ್ಚಲಿ? ವರ್ಷಕ್ಕೊಂದು ದೀಪ, ಅಷ್ಟೇ."

"ಯಾವತ್ತಾದ್ರೂ ಹಚ್ಚು."

"ಯಾವತ್ತಾದ್ರೂ ಹಚ್ಚೋಕೆ ಅದೇನು ಒಲೆಯಾ?"

"ಫ್ಯಾಕ್ಟರೀಲಿ ಆ ಹಂದಿಕೂದಲು ಬೇಯಿಸೋ ನಾತ ಇತ್ತಲ್ಲ, ಅಕ್ಕ..."

"ನೀನು ಅಲ್ಲಿದ್ದೆ. ನೀನೂ ಹೋದ್ಮೇಲೆ ನಾನು ಯಾರನ್ನ ಕೇಳ್ಲಿ?"

ಅಷ್ಟರಲ್ಲಿ ನರ್ಸ್ ಹಿರ್ಷ್ ಅವರ ಹೆಸರು ಕರೆದಳು. ಅವರು ಕೋಟನ್ನು ಅಕ್ಕನ ಕೈಗೆ ಕೊಟ್ಟು ಎದ್ದರು. ಬಾಸ್ಯಾ ಅದನ್ನು ಎದೆಗವಚಿಕೊಂಡು ಒಳಬಾಗಿಲವರೆಗೂ ಹಿಂದೆಯೇ ಹೋದರು.

ತಂದೆಯನ್ನು ಕೊಂದ ದಿನ ಯಾವುದೆಂದು ಹಿರ್ಷ್ ಹೇಳಲೇ ಇಲ್ಲ.