ನಲವತ್ತೂ ಕೊಂಡ ಗಿರಾಕಿ

ರಿಸೋಲ್ ಎಂಬ ಹೂರಣ ತುಂಬಿದ ತಿಂಡಿ ಒಂದನ್ನು ಕರಿಯಲು ಎರಡು ಸಾವಿರ ರುಪಿಯಾ ಖರ್ಚು, ಮಾರಿದ್ದು ಮೂರು ಸಾವಿರಕ್ಕೆ. ಬಾಂಡುಂಗ್‌ನ ಅಂಕೋಟ್ ಎಂಬ ಶೇರ್ ವ್ಯಾನಿನಲ್ಲಿ ನನ್ನೆದುರು ಕೂತಿದ್ದ ಕಾಲೇಜು ಹುಡುಗಿ ಮೆಂತಾರಿ ಈ ಲೆಕ್ಕವನ್ನು ಗೆಳತಿ ರೆಂಗಾನಿಸ್‌ಗೆ ಒಪ್ಪಿಸುತ್ತಿದ್ದಳು.

“ಉದ್ಯಮಶೀಲತೆ ಪರೀಕ್ಷೆಗೆ ನಲವತ್ತು ಮಾಡಿ ಮಾರೋಕೆ ಇಟ್ಟಿದ್ದೆ. ಗಂಟೆಯೊಳಗೆ ಎಲ್ಲಾ ಖಾಲಿ! ಮೇಷ್ಟ್ರು ‘ಎ’ ಕೊಟ್ರು ಕಣೇ. ಈಗ ಪೇಟೇಲಿ ಇಳಿದು, ಫೀಸಿನ ದುಡ್ಡನ್ನೇ ಮಳಿಗೆಗೆ ಮುಂಗಡ ಕೊಡ್ತೀನಿ.”

“ನಿಮ್ಮ ಮೇಷ್ಟ್ರು ಯಾವತ್ತಾದ್ರೂ ಅಂಗಡಿ ಇಟ್ಟಿದ್ರಾ?” ರೆಂಗಾನಿಸ್ ಕೇಳಿದಳು.

“ಅದರ ಮೇಲೆ ಪಿಎಚ್‌ಡಿ ಮಾಡಿದಾರೆ.”

“ನಾನು ಕೇಳಿದ್ದು ಅದಲ್ಲ. ಹೋಗ್ಲಿ, ಕೊಂಡೋರು ಯಾರು?”

“ಒಬ್ರೇ ಆಂಟಿ, ನಲವತ್ತನ್ನೂ ತಗೊಂಡ್ರು.”

“ನಿಮ್ಮಮ್ಮನ ಚೀಟಿ ಗುಂಪಿನವರಾ?”

“ಹೌದು, ಅದಕ್ಕೇನೀಗ? ನಿಂಗೆ ಹೊಟ್ಟೆಕಿಚ್ಚು. ತಗೋ ಈ ರಿಸೋಲ್, ನೀನೇ ರುಚಿ ನೋಡು.”

“ಇದ್ಯಾವಾಗ ಮಾಡಿದ್ದು?”

“ಪರೀಕ್ಷೆ ದಿನದ್ದೇ. ಫ್ರಿಜ್ಜಲ್ಲಿತ್ತು, ಬೆಳಿಗ್ಗೆ ಅಮ್ಮ ಬಿಸಿ ಮಾಡಿ ಡಬ್ಬಿಗೆ ಹಾಕಿದ್ಳು.”

“ಎಲ್ಲಾ ಖಾಲಿ ಆದ್ಮೇಲೆ ಇದು ನಿಮ್ಮನೆ ಫ್ರಿಜ್ಜಿಗೆ ಹೇಗೆ ಬಂತೇ, ಸಾವ್ಕಾರ್ತಿ?”

ಮೆಂತಾರಿ ಡಬ್ಬಿಯ ಮುಚ್ಚಳ ಹಾಕಿದಳು. ಪೇಟೆ ಬಂತು, ಅವಳು ಇಳಿಯಲಿಲ್ಲ. ಕಾಲೇಜಿನ ಬಳಿ ಇಬ್ಬರೂ ಇಳಿದುಹೋದರು. ಫೀಸಿನ ದುಡ್ಡು ಉಳಿಯಿತು, ಅಂಗಡಿಯ ಆಸೆ ಹೋಯಿತು.